ಹೆಡ್ ಇಳಿಸಬೇಕು ಸಾರ್!

ನಮ್ಮ ಕಡೆ ಕಾರಿನ ಬಾನೆಟ್ ಎತ್ತಿದರೆ ಸಾಕು, ಜನ ತಾವಾಗಿಯೇ ಸೇರುತ್ತಾರೆ. ಕರೆಯಬೇಕಾಗಿಲ್ಲ, ಕಾಫಿ ಕೊಡಬೇಕಾಗಿಲ್ಲ. ಅನುಮಾನವಿದ್ದರೆ ಭಾನುವಾರ ಹನ್ನೊಂದರ ಬಿಸಿಲಲ್ಲಿ ಸಾವನದುರ್ಗದ ಬುಡದಲ್ಲಿ ಬಾನೆಟ್ ಎತ್ತಿ ನೋಡಿ. ವೀರಭದ್ರಸ್ವಾಮಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದವರು, ನರಸಿಂಹಸ್ವಾಮಿ ಗುಡಿಯ ದಾರಿ ಕೇಳುತ್ತಿದ್ದವರು, ಬೆಟ್ಟ ಹತ್ತಲಾರದೆ ಅರ್ಧಕ್ಕೇ ಇಳಿದ ಬೆಂಗಳೂರಿನ ಹುಡುಗರು, ಸೌತೆಕಾಯಿಗೆ ಉಪ್ಪುಖಾರ ಹಚ್ಚುತ್ತಿದ್ದಾಕೆ, ಎಲ್ಲರೂ ಬಂದು ಇಣುಕುತ್ತಾರೆ. “ನೀರು ಹಾಕಿ” ಅಂತಾನೆ ಒಬ್ಬ. “ಅಯ್ಯೋ, ಬಿಸಿಗೆ ತಣ್ಣೀರು ಹಾಕಿದ್ರೆ ಸೀಳೋಯ್ತದೆ” ಅಂತಾನೆ ಇನ್ನೊಬ್ಬ. ಮೂರನೆಯವನು ನಿಮ್ಮ ಕಾರಿನ ವಿಷಯ ಬಿಟ್ಟು ತನ್ನ ಸೋದರಮಾವನ ಓಮ್ನಿ ಕುಣಿಗಲ್ ಹತ್ತಿರ ಹೊಗೆ ಉಗುಳಿದ ಕಥೆ ತೆಗೆಯುತ್ತಾನೆ. ನಾಲ್ಕನೆಯವನು ಬಂಡೆಯ ಕಡೆ ಕೈ ತೋರಿಸಿ, “ಇಲ್ಲಿ ಕಲ್ಲು ಕಾದು ಬಿಡ್ತದಲ್ಲಾ ಸಾ, ಅದ್ಕೇ ಗಾಡಿ ಬಾಯ್ಲ್ ಆಗೋದು” ಎಂದು ತೀರ್ಪು ಕೊಟ್ಟು ಮುಗಿಸುತ್ತಾನೆ.

ಪಾಪದ ಕಲ್ಲು! ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು, 1226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ತಲೆ ಎತ್ತಿಕೊಂಡು ಯಾರ ತಂಟೆಗೂ ಹೋಗದೆ ನಿಂತಿದೆ. 1791ರ ಡಿಸೆಂಬರ್ 21ರಂದು ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಈ ಬೆಟ್ಟದ ಮೇಲಿನ ಕೋಟೆಯನ್ನು ಹಿಡಿದಾಗ ಫಿರಂಗಿ ಎಳೆದ ಎತ್ತುಗಳು ಕೂಡ ಕಲ್ಲಿನ ಮೇಲೆ ದೂರು ಹೇಳಿದ ದಾಖಲೆ ಇಲ್ಲ. ಕೂಲಿಂಗ್ ನೆಟ್ಟಗಿರುವ ಗಾಡಿ ಕಲಬುರಗಿಯ 42 ಡಿಗ್ರಿ ಬಿಸಿಲಲ್ಲೂ ಎಸಿ ಹಾಕಿಕೊಂಡು ಓಡುತ್ತದೆ. ಸಾವನದುರ್ಗದಲ್ಲಿ ಕುದಿಯಿತು ಅಂದರೆ ಆ ರೋಗ ಮನೆಯಿಂದಲೇ ಬಂದಿರಬೇಕು, ಇಲ್ಲ ದಾರಿಯಲ್ಲಿ ಅಂಟಿರಬೇಕು. ದಾರಿಯಲ್ಲಿ ಅಂಟುವ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಬಾನೆಟ್ ಸಭೆಯ ಸಲಹೆಗಳೆಲ್ಲ ಬಿಟ್ಟಿ. ಅದರಿಂದ ನಷ್ಟವಿಲ್ಲ, ಕೇಳಿ ನಕ್ಕು ಬಿಡಬಹುದು. ದುಡ್ಡು ತಿನ್ನುವ ಸಲಹೆ ಬರುವುದು ಗ್ಯಾರೇಜಿನಲ್ಲಿ. ಅಲ್ಲಿ ಕೈಗೆ ಎಣ್ಣೆ ಮೆತ್ತಿಕೊಂಡ ಮನುಷ್ಯ ಎರಡು ನಿಮಿಷ ನೋಡಿ, ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ, ನಿಮ್ಮ ಮುಖವನ್ನು ನೋಡದೆ ಒಂದು ಮಾತು ಹೇಳುತ್ತಾನೆ: “ಹೆಡ್ ಇಳಿಸಬೇಕು ಸಾರ್.” ಯಾರ ಹೆಡ್ಡು ಎಂದು ಕೇಳುವ ಧೈರ್ಯ ಆ ಹೊತ್ತಿಗೆ ನಮಗೆ ಉಳಿದಿರುವುದಿಲ್ಲ.

ನಮ್ಮ ಭಾವನವರನ್ನೇ ನೋಡಿ. ಬ್ಯಾಂಕಿನಲ್ಲಿ ಇಡೀ ಜನ್ಮ ಕಳೆದು ನಿವೃತ್ತರಾದವರು. ವೌಚರ್ ಇಲ್ಲದೆ ಒಂದು ರೂಪಾಯಿ ಬಿಟ್ಟವರಲ್ಲ. ತರಕಾರಿಯವಳ ತಕ್ಕಡಿಯ ಕೆಳಗೂ ಬಗ್ಗಿ ನೋಡುವ ಆಸಾಮಿ. ಅಂಥವರು ಮೆಕ್ಯಾನಿಕ್ಕಿನ ಮುಂದೆ ನಿಂತರೆ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತ. “ಏನು ಬೇಕೋ ಮಾಡಿಬಿಡಿ” ಅಂದುಬಿಡುತ್ತಾರೆ. ಈ ಮೂರು ಪದ ಕೇಳಿದ ಕೂಡಲೇ ಚೀಟಿಯ ಉದ್ದ ತಾನಾಗಿಯೇ ಬೆಳೆಯುತ್ತದೆ. ಅದಕ್ಕೆ ಮೆಕ್ಯಾನಿಕ್ಕನ್ನು ಪೂರ್ತಿ ಬೈಯುವಂತೆಯೂ ಇಲ್ಲ.

ಸಂಕ್ರಾಂತಿಯ ಆಸುಪಾಸಿನಲ್ಲಿ ಅವರ ಕಾರು ಕಾಯತೊಡಗಿತು. ಬೆಂಗಳೂರಿನ ಒಂದು ದೊಡ್ಡ ಗ್ಯಾರೇಜಿಗೆ ಕೊಟ್ಟರು. ಅಲ್ಲಿಂದ ಬಂದ ಅಂದಾಜು ಪಟ್ಟಿ ಓದಿ ಅಕ್ಕ ಸೋಫಾದ ಮೇಲೆ ಕುಕ್ಕರಿಸಿದಳು. ರೇಡಿಯೇಟರ್ ಹೊಸದು, ವಾಟರ್ ಪಂಪ್ ಹೊಸದು, ಥರ್ಮೋಸ್ಟಾಟ್, ಮೇಲಿನ ಹೋಸು, ಕೆಳಗಿನ ಹೋಸು, ಕೂಲೆಂಟ್ ಫ್ಲಶ್, ಎಸಿ ಗ್ಯಾಸು, ಕೊನೆಗೆ “ಅಗತ್ಯ ಬಿದ್ದರೆ ಹೆಡ್ ಗ್ಯಾಸ್ಕೆಟ್”. ಮದುವೆ ಮನೆಯ ಸಾಮಾನು ಚೀಟಿ ಕೂಡ ಇಷ್ಟು ನಿಷ್ಪಕ್ಷಪಾತವಾಗಿ ಎಲ್ಲವನ್ನೂ ಸೇರಿಸಿಕೊಳ್ಳುವುದಿಲ್ಲ. ಎಲ್ಲವನ್ನೂ ಬದಲಾಯಿಸಿದರೆ ತಪ್ಪು ಎಲ್ಲೋ ಒಂದು ಕಡೆ ಸರಿಹೋಗಲೇಬೇಕಲ್ಲ! ಆದರೆ ಅದು ರೋಗ ಹುಡುಕುವ ಕೆಲಸವಲ್ಲ, ನಿಮ್ಮ ಖರ್ಚಿನಲ್ಲಿ ಲಾಟರಿ ಆಡುವುದು.

ನಾನು ಭಾವನವರನ್ನು ಕೇಳಿದ್ದು ಒಂದೇ ಪ್ರಶ್ನೆ: “ಯಾವಾಗ ಬಿಸಿಯಾಗುತ್ತೆ?”

“ಬಿಸಿಯಾದಾಗ ಬಿಸಿಯಾಗುತ್ತೆ ಕಣಯ್ಯ, ಮುಹೂರ್ತ ನೋಡಿಕೊಂಡು ಆಗುತ್ತಾ?” ಅಂದರು.

ಆಗುತ್ತೆ ಸ್ವಾಮಿ, ಮುಹೂರ್ತ ನೋಡಿಕೊಂಡೇ ಆಗುತ್ತೆ. ಇಡೀ ತನಿಖೆ ನಿಂತಿರುವುದೇ ಅದರ ಮೇಲೆ. ಸುಂಕದಕಟ್ಟೆಯ ಟ್ರಾಫಿಕ್ಕಿನಲ್ಲಿ, ಕಣಿಮಿಣಿಕೆ ಟೋಲಿನ ಸಾಲಿನಲ್ಲಿ ಮುಳ್ಳು ಏರುತ್ತದೆ, ಎಕ್ಸ್‌ಪ್ರೆಸ್‌ವೇ ಹತ್ತಿ ಎಂಬತ್ತರಲ್ಲಿ ಹೊರಟರೆ ಇಳಿಯುತ್ತದೆ ಅಂದುಕೊಳ್ಳಿ. ಆಗ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನಾಗಿಯೇ ಮುಂದಿನಿಂದ ನುಗ್ಗುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ಎಸಿ ಹಾಕಿ, ಬಾನೆಟ್ ಎತ್ತಿ, ಕೈ ಒಳಗೆ ಹಾಕದೆ ನೋಡಿ. ಹೆಚ್ಚಿನ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸು, ರಿಲೇ, ವೈರಿನ ಜೋಡಣೆ, ಆಮೇಲೆ ಮೋಟರು. ವೈರಿನ ಪಿನ್ ಸಡಿಲಾಗಿದ್ದಕ್ಕೆ ರೇಡಿಯೇಟರ್ ಬದಲಿಸಿಕೊಂಡು ಬಂದ ಪುಣ್ಯಾತ್ಮರು ನಮ್ಮ ನಡುವೆಯೇ ಇದ್ದಾರೆ. ಹೊಸ ರೇಡಿಯೇಟರ್ ಹಾಕುವಾಗ ವೈರಿನ ಪಿನ್ ಬಿಚ್ಚಿ ಹಾಕಿದ್ದರಿಂದ ಫ್ಯಾನೂ ತಿರುಗಿತು, ಗ್ಯಾರೇಜಿನವನಿಗೆ ಹೆಸರೂ ಬಂತು.

ಇದಕ್ಕೆ ತಿರುವುಮುರುವು ಆದರೆ, ಅಂದರೆ ಊರೊಳಗೆ ತಣ್ಣಗಿದ್ದು, ಬಿಡದಿ ದಾಟಿ ನೂರರ ವೇಗದಲ್ಲಿ ಹೋಗುವಾಗ ಅಥವಾ ಏರು ಹತ್ತುವಾಗ ಕಾದರೆ, ಆಗ ಫ್ಯಾನನ್ನು ಬಿಟ್ಟು ಬೇರೆಡೆ ನೋಡಬೇಕು. ರೇಡಿಯೇಟರಿನ ಒಳಕೊಳವೆ ಕಟ್ಟಿದೆಯೋ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲವೋ, ಪಂಪು ನೀರು ತಳ್ಳುತ್ತಿಲ್ಲವೋ. ಇಲ್ಲಿ ಗ್ಯಾರೇಜಿನವನ ಮಾತಿಗೆ ತೂಕ ಬರುತ್ತದೆ.

ಭಾವನವರದ್ದು ಎರಡೂ ಅಲ್ಲ. ನಿಂತರೂ ಬಿಸಿ, ಓಡಿದರೂ ಬಿಸಿ. ಜೊತೆಗೆ ಎಸಿ ಕೂಡ ತಣ್ಣಗೆ ಬೀಸುತ್ತಿರಲಿಲ್ಲ. ಗ್ಯಾರೇಜಿನ ಪಟ್ಟಿಯಲ್ಲಿ ಎಸಿ ಗ್ಯಾಸು ಸೇರಿದ್ದು ಅದಕ್ಕೇ. ಎರಡು ರೋಗ, ಎರಡು ಔಷಧ. ಎರಡಕ್ಕೂ ಕಾರಣ ಒಂದೇ ಇರಬಹುದಲ್ಲ ಎಂದು ಯಾರೂ ಯೋಚಿಸಲಿಲ್ಲ. ಯೋಚನೆಗೆ ಜಿಎಸ್‌ಟಿ ಹಾಕಲು ಬರುವುದಿಲ್ಲವಲ್ಲ.

ಕೊನೆಗೆ ಮಾಗಡಿಯ ಒಂದು ತಗಡಿನ ಶೆಡ್ಡಿಗೆ ಹೋದೆವು. ಅಲ್ಲಿಯ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ಕುಕ್ಕರುಗಾಲಲ್ಲಿ ಕೂತು ಮುಂದಿನ ಜಾಲರಿಯೊಳಗೆ ಟಾರ್ಚು ಬಿಟ್ಟ. “ಎಲ್ಲಿ ಹೋಗಿದ್ರಿ ಸಾ, ಮೊನ್ನೆ ಮೊನ್ನೆ?”

“ಸಾವನದುರ್ಗಕ್ಕೆ. ಆಮೇಲೆ ಅಲ್ಲೇ ಹಳ್ಳಿಗಳ ಮೇಲೆ ಸುತ್ತಿಕೊಂಡು ಕನಕಪುರಕ್ಕೆ.”

“ರೋಡಲ್ಲಿ ಹುಳ್ಳಿ ಹಾಕಿದ್ರಾ?”

ಹಾಕಿದ್ದರು. ಮಾಗಡಿ, ಕನಕಪುರ ಕಡೆ ಡಿಸೆಂಬರ್, ಜನವರಿಯಲ್ಲಿ ಹೋದವರಿಗೆ ಹೇಳಬೇಕಾಗಿಲ್ಲ. ಕಣ ಮಾಡುವವರು ಕಡಿಮೆಯಾದ ಮೇಲೆ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡ ಮೊಣಕಾಲೆತ್ತರ ಹರಡಿರುತ್ತಾರೆ. ಒಕ್ಕಣೆಯ ಕೂಲಿ ಇಲ್ಲದೆ ನಮ್ಮ ನಿಮ್ಮ ಚಕ್ರಗಳೇ ತುಳಿಯುತ್ತವೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಎಂದು ಪೊಲೀಸರು ವರ್ಷ ವರ್ಷವೂ ಹೇಳುತ್ತಾರೆ, ರೈತರು ವರ್ಷ ವರ್ಷವೂ ಕೇಳಿಸಿಕೊಳ್ಳುತ್ತಾರೆ. ಹುಲ್ಲು ಚಕ್ರದ ಬುಡಕ್ಕೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಾಗಿ ಗಾಡಿಗೆ ಬೆಂಕಿ ಹತ್ತುವುದೂ ಉಂಟು. ಅದಕ್ಕಿಂತ ಸದ್ದಿಲ್ಲದ ಕೆಲಸ ಹೊಟ್ಟಿನದು. ಮುಂದಿನ ಗಾಡಿ ಎಬ್ಬಿಸಿದ ಹೊಟ್ಟು ನಿಮ್ಮ ಜಾಲರಿಯಲ್ಲಿ ನುಗ್ಗುತ್ತದೆ. ಒಳಗೆ ಮೊದಲು ಸಿಗುವುದು ಎಸಿಯ ಕಂಡೆನ್ಸರ್, ಅದರ ಬೆನ್ನಿಗೆ ಬೆರಳಗಲ ಬಿಟ್ಟು ರೇಡಿಯೇಟರ್. ಆ ಸಂದಿನಲ್ಲಿ ಹೊಟ್ಟು ಕೂತರೆ ಎರಡಕ್ಕೂ ಗಾಳಿ ಬಂದ್. ಎಸಿಯೂ ಸೋಲುತ್ತದೆ, ಎಂಜಿನ್ನೂ ಕಾಯುತ್ತದೆ. ಹೊರಗಿನಿಂದ ಕಾರು ತೊಳೆದರೆ ಮುಂದಿನ ಮುಖ ಫಳಫಳ ಅನ್ನುತ್ತದೆ, ಸಂದಿನೊಳಗೆ ಕಣದ ರಾಶಿ ಹಾಗೆಯೇ ಇರುತ್ತದೆ.

ಮೇಸ್ತ್ರಿ ಮೇಲಿನ ಪಟ್ಟಿಯ ಬೋಲ್ಟು ಬಿಚ್ಚಿ, ರೇಡಿಯೇಟರನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಒಳಗಿನಿಂದ ಹೊರಕ್ಕೆ ಪೈಪಿನಲ್ಲಿ ನೀರು ಬಿಟ್ಟ. ಜೋರು ಪ್ರೆಷರಿನಲ್ಲಲ್ಲ. ಜೋರಾಗಿ ಹೊಡೆದರೆ ಕಾಗದದಷ್ಟು ತೆಳ್ಳಗಿನ ಆ ಪದರಗಳು ಮಲಗಿಬಿಡುತ್ತವೆ. ನೆಲದ ಮೇಲೆ ಹರಿದ ನೀರಿನಲ್ಲಿ ಹುರುಳಿಯ ಹೊಟ್ಟು, ರಾಗಿಯ ಹೊಟ್ಟು, ಯಾವುದೋ ಪಾಪದ ಚಿಟ್ಟೆಯ ರೆಕ್ಕೆ ತೇಲಿದವು. ಭಾವನವರು ಬಗ್ಗಿ, ಎರಡು ಹುರುಳಿ ಕಾಳು ಹೆಕ್ಕಿ, ವೌಚರ್ ಪರಿಶೀಲಿಸುವ ಮುಖದಲ್ಲಿ ನೋಡಿದರು. ಕಾರು ಮನೆಗೆ ವಾಪಸು ಬಂದ ಮೇಲೆ ಮುಳ್ಳು ಮಧ್ಯದಿಂದ ಅಲ್ಲಾಡಲಿಲ್ಲ. ಎಸಿಯಲ್ಲಿ ಅಕ್ಕ ಸೆರಗು ಹೊದ್ದುಕೊಂಡಳು.

ಇಷ್ಟಕ್ಕೇ ನಿಲ್ಲಿಸಿದರೆ ‘ಹಳ್ಳಿಯ ಮೇಸ್ತ್ರಿ ದೇವರು, ಪಟ್ಟಣದ ಗ್ಯಾರೇಜು ಕಳ್ಳ’ ಎಂಬ ಹಳೇ ಸಿನಿಮಾ ಆಗುತ್ತಿತ್ತು. ಹಾಗಾಗಲಿಲ್ಲ. ಏಕೆಂದರೆ ನಾವು ಹೊರಡುವ ಮುಂಚೆ ಅದೇ ಮೇಸ್ತ್ರಿ ಧಾರಾಳವಾಗಿ, “ಸಾ, ಹೆಂಗೂ ಬಿಚ್ಚಿವ್ನಿ, ವಾಲ್ವ್ ಒಂದು ತೆಗೆದುಬಿಡ್ತೀನಿ ಬುಡಿ. ನಮ್ಮ ಬಿಸಿಲಿಗೆ ಅದು ಯಾಕೆ ಬೇಕು? ಅದೆಲ್ಲ ಹಿಮ ಬೀಳೋ ದೇಶಕ್ಕೆ” ಅಂದ.

ವಾಲ್ವ್ ಅಂದರೆ ಥರ್ಮೋಸ್ಟಾಟ್. ನಮ್ಮ ದೇಶದ ಅರ್ಧ ಶೆಡ್ಡುಗಳಲ್ಲಿ ಈ ವೇದಾಂತ ನಡೆಯುತ್ತದೆ. ಎಂಜಿನ್ ತಣ್ಣಗಿರುವಾಗ ಈ ಬಾಗಿಲು ಮುಚ್ಚಿಕೊಂಡು ನೀರನ್ನು ಒಳಗೇ ಸುತ್ತಿಸುತ್ತದೆ, ಬೇಕಾದಷ್ಟು ಕಾದ ಮೇಲೆ ತೆರೆದು ರೇಡಿಯೇಟರಿಗೆ ಬಿಡುತ್ತದೆ. ಅದನ್ನು ಕಿತ್ತು ಬಿಸಾಡಿದರೆ ಎಂಜಿನ್ ಹದಕ್ಕೆ ಬರುವುದೇ ಇಲ್ಲ. ‘ಇನ್ನೂ ತಣ್ಣಗಿದ್ದೇನೆ’ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲು ಹೆಚ್ಚು ಸುರಿಯುತ್ತದೆ, ಮೈಲೇಜು ಬೀಳುತ್ತದೆ, ಸವೆತ ಹೆಚ್ಚುತ್ತದೆ. ತಣ್ಣಗಿದ್ದಷ್ಟೂ ಒಳ್ಳೆಯದು ಎನ್ನುವುದು ಮಜ್ಜಿಗೆಗೆ ಸರಿ, ಎಂಜಿನ್ನಿಗಲ್ಲ.

ಕೆಟ್ಟಿದ್ದರೆ ಬದಲಿಸಿ, ಕೆಟ್ಟಿದೆಯೇ ಎಂದು ನೋಡುವುದು ಅಡುಗೆಮನೆಯ ಕೆಲಸ. ಭಾವನವರಿಗೆ ಈಗ ತನಿಖೆಯ ಹುಚ್ಚು ಹಿಡಿದಿತ್ತು. ಬಿಚ್ಚಿದ ಥರ್ಮೋಸ್ಟಾಟನ್ನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ತಂದರು. ಮೇಸ್ತ್ರಿ ಅಲ್ಲಿಯವರೆಗೆ ಕಾರು ಇಟ್ಟುಕೊಂಡಿದ್ದ, ನಾವು ಬಸ್ಸಿನಲ್ಲಿ ಬಂದೆವು. ಅಕ್ಕ ಬಾಗಿಲಲ್ಲೇ ತಡೆದಳು: “ರೀ, ಸಾರಿನ ಪಾತ್ರೆ ಮುಟ್ಟಿದ್ರೆ ನೋಡಿ!” ಹಳೇ ಬೋಗುಣಿಯೊಂದನ್ನು ದಯಪಾಲಿಸಿದಳು. ಅದರಲ್ಲಿ ನೀರು ಕಾಯಲು ಇಟ್ಟು, ಥರ್ಮೋಸ್ಟಾಟನ್ನು ದಾರದಲ್ಲಿ ತಳ ಮುಟ್ಟದಂತೆ ಇಳಿಬಿಟ್ಟರು. ಅದರ ಅಂಚಿನಲ್ಲಿ 82 ಎಂದು ಅಚ್ಚೊತ್ತಿತ್ತು. ನೀರಿನಲ್ಲಿ ಸಣ್ಣ ಗುಳ್ಳೆಗಳು ಏಳುವ ಹೊತ್ತಿಗೆ ಹಿತ್ತಾಳೆಯ ಆ ತಟ್ಟೆ ಸ್ಪ್ರಿಂಗಿನ ವಿರುದ್ಧ ಮೆಲ್ಲಗೆ ಜರುಗಿ ಸುತ್ತಲೂ ಕಪ್ಪು ಸಂದು ಕಾಣಿಸಿತು. ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿತ್ತು, ಹೊರಗೆ ತೆಗೆದಿಟ್ಟರೆ ಮುಚ್ಚಿಕೊಂಡಿತು. ಪಟ್ಟಣದ ಗ್ಯಾರೇಜು ಬದಲಿಸಿ ಎಂದದ್ದೂ ತಪ್ಪು, ಹಳ್ಳಿಯ ಮೇಸ್ತ್ರಿ ಕಿತ್ತು ಬಿಸಾಡಿ ಎಂದದ್ದೂ ತಪ್ಪು. ಹೊಸ ರಬ್ಬರ್ ರಿಂಗು ಹಾಕಿ ಇದ್ದಲ್ಲೇ ಕೂರಿಸಿದ್ದಾಯಿತು.

ಪಟ್ಟಿಗಳಲ್ಲಿ ಎಂದೂ ಕಾಣಿಸಿಕೊಳ್ಳದ ಒಂದು ಬಡಪಾಯಿ ಇದೆ: ರೇಡಿಯೇಟರಿನ ಮುಚ್ಚಳ. ಬೆಲೆ ಕೆಲವು ನೂರು ರೂಪಾಯಿ, ಲಾಭವಿಲ್ಲ, ಅದಕ್ಕೇ ಅದರ ಹೆಸರು ಯಾರೂ ಎತ್ತುವುದಿಲ್ಲ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವುದು ಅದಕ್ಕೆ ಸ್ವಲ್ಪವೇ ಕೆಳಗೆ. ಹಾಗಿದ್ದೂ ಕುದಿಯದಿರುವುದು ಪ್ರೆಷರ್ ಕುಕ್ಕರಿನ ವೆಯ್ಟು ಮಾಡುವ ಕೆಲಸವನ್ನೇ ಈ ಮುಚ್ಚಳ ಮಾಡುವುದರಿಂದ. ಮುಚ್ಚಳದ ಮೇಲೆ 1.1 ಎಂದಿದ್ದರೆ ಅಷ್ಟು ಬಾರ್ ಒತ್ತಡ ತಡೆಯುತ್ತದೆ ಎಂದು ಅರ್ಥ. ಆಗ ಬರೀ ನೀರು ಕೂಡ 120ರ ಆಸುಪಾಸಿನವರೆಗೆ ಕುದಿಯುವುದಿಲ್ಲ. ರಬ್ಬರು ಗಟ್ಟಿಯಾಗಿ ಒತ್ತಡ ಸೋರಿದರೆ, ರಿಸರ್ವ್ ಟ್ಯಾಂಕಿನಲ್ಲಿ ಕೊತಕೊತ. ಎಂಜಿನ್ ಆರಿದ ಮೇಲೆ ಮೇಲಿನ ಹೋಸು ಹೊಟ್ಟೆ ಅಂಟಿಕೊಂಡು ಚಪ್ಪಟೆಯಾಗಿದ್ದರೆ, ಮುಚ್ಚಳದ ಒಳಗಿನ ಸಣ್ಣ ವಾಲ್ವ್ ವಾಪಸು ಬಿಡುತ್ತಿಲ್ಲ. ಹೊಸ ಮುಚ್ಚಳ ಕೊಳ್ಳುವಾಗ ಹಳೆಯದರ ನಂಬರನ್ನೇ ಕೇಳಿ. 0.9ರ ಜಾಗಕ್ಕೆ 1.1 ಹಾಕಿದರೆ ಹಳೇ ಹೋಸುಗಳಿಗೆ ಸಂಕಟ.

ಇನ್ನು ಆ ಮಹಾಭಯಂಕರ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ತಲೆಗೂ ಮೈಗೂ ನಡುವಿನ ಪದರ. ಅದು ಹೋಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಈಗಿನ ಹೆಚ್ಚಿನ ಎಂಜಿನ್ನುಗಳ ಹೆಡ್ಡು ಅಲ್ಯೂಮಿನಿಯಂ. ಮುಳ್ಳು ಕೆಂಪು ದಾಟಿದ ಮೇಲೂ “ಇಲ್ಲೇ ಮನೆ, ಮೆಲ್ಲಗೆ ಹೋಗೋಣ” ಎಂದು ಓಡಿಸಿದರೆ ಹೆಡ್ಡು ಡೊಂಕಾಗುತ್ತದೆ, ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಬೇಕಾಗುತ್ತದೆ. ಆ ಬಿಲ್ಲಿಗೆ ಮೆಕ್ಯಾನಿಕ್ಕನ್ನು ಬೈಯಬೇಡಿ, ಕನ್ನಡಿ ನೋಡಿಕೊಳ್ಳಿ. ಆದರೆ ಗ್ಯಾಸ್ಕೆಟ್ ಹೋದರೆ ಕುರುಹು ಬಿಟ್ಟೇ ಹೋಗುತ್ತದೆ. ಎಲ್ಲೂ ಸೋರದೆ ಕೂಲೆಂಟ್ ಮಾಯವಾಗುತ್ತಿರುತ್ತದೆ. ಎಂಜಿನ್ ಕಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲುವುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ಲು ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳುತ್ತಲೇ ಇರುತ್ತವೆ. ಇದಕ್ಕೆ ಒಂದು ಪರೀಕ್ಷೆಯೂ ಇದೆ. ನೀಲಿ ದ್ರಾವಣದ ನಳಿಗೆಯನ್ನು ರೇಡಿಯೇಟರಿನ ಬಾಯಿಗಿಟ್ಟು ಆವಿ ಎಳೆದರೆ, ಸಿಲಿಂಡರಿನ ಹೊಗೆ ನೀರಿಗೆ ಬೆರೆತಿದ್ದಲ್ಲಿ ನೀಲಿ ಹಳದಿಯಾಗುತ್ತದೆ. ಹೆಡ್ ಇಳಿಸಲು ಹೊರಟವನು ಇವುಗಳಲ್ಲಿ ಒಂದನ್ನಾದರೂ ನಿಮ್ಮ ಕಣ್ಣಿಗೆ ತೋರಿಸಬೇಕು. “ನನ್ನ ಇಪ್ಪತ್ತು ವರ್ಷದ ಸರ್ವೀಸು ಸಾರ್” ಎನ್ನುವುದು ಕುರುಹಲ್ಲ.

ಪಂಪಿನದೂ ಅದೇ ನ್ಯಾಯ. ಹೊಟ್ಟೆಯ ಸಣ್ಣ ತೂತಿನಿಂದ ಸೋರಿ ಒಣಗಿದ ಕೂಲೆಂಟಿನ ಕಲೆ ಇರಬೇಕು, ಇಲ್ಲ ಬೇರಿಂಗು ಕಿರುಗುಟ್ಟಬೇಕು, ಇಲ್ಲ ಪುಲ್ಲಿ ಅಲ್ಲಾಡಬೇಕು. ಒಂದು ಮಾತು ಮಾತ್ರ ಮೆಕ್ಯಾನಿಕ್ಕಿನ ಪರ: ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ, ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಹಾಕಿಬಿಡಿ ಎಂದರೆ ಒಪ್ಪಿಕೊಳ್ಳಿ. ಅದನ್ನೆಲ್ಲ ಮತ್ತೆ ಬಿಚ್ಚುವ ಕೂಲಿ ಪಂಪಿನ ಬೆಲೆಯನ್ನೇ ಮೀರಿಸಬಹುದು. ಹೋಸು ಒತ್ತಿದಾಗ ಮೆತ್ತಗಿದ್ದರೂ, ಬಿರಿದಿದ್ದರೂ ವಾದ ಬೇಡ.

ಮೆಕ್ಯಾನಿಕ್ಕನ್ನು ಇಷ್ಟೆಲ್ಲ ಕೀಟಲೆ ಮಾಡಿದ ಮೇಲೆ ನಮ್ಮ ಪಾಲಿನದನ್ನೂ ಹೇಳಬೇಕು. ಕಾರಿನ ಕೆಳಗೆ ನಾಲ್ಕು ಹನಿ ನೀರು ಕಂಡರೆ ಗಾಬರಿಯಾಗಿ ಗ್ಯಾರೇಜಿಗೆ ಓಡುತ್ತೇವೆ. ಅದು ಎಸಿಯ ನೀರು, ಬಣ್ಣವಿಲ್ಲ, ವಾಸನೆಯಿಲ್ಲ. ಕೂಲೆಂಟ್ ಆದರೆ ಹಸಿರೋ ಕೆಂಪೋ ಇರುತ್ತದೆ, ಬೆರಳಿಗೆ ಜಾರುತ್ತದೆ. ರುಚಿ ನೋಡಬೇಡಿ, ವಿಷ. ರಾತ್ರಿ ಕಾರಿನ ಕೆಳಗೆ ಹಳೇ ಪೇಪರು ಹಾಸಿದರೆ ಬೆಳಗ್ಗೆ ಗೊತ್ತಾಗುತ್ತದೆ. ನಿಜವಾಗಿ ಸೋರುವಾಗ ಮಾತ್ರ ನಾವು ಮಹಾ ಉದಾರಿಗಳು, ಸಿಕ್ಕಿದಲ್ಲಿ ಬೋರ್‌ವೆಲ್ ನೀರು ಹಿಡಿದು ತುಂಬುತ್ತೇವೆ. ನಮ್ಮ ಬಯಲುಸೀಮೆಯ ಬೋರಿನ ನೀರು ಎಷ್ಟು ಗಡುಸು ಎಂಬುದಕ್ಕೆ ನಿಮ್ಮ ಮನೆಯ ಗೀಸರನ್ನು ಬಿಚ್ಚಿ ನೋಡಿ. ಅದೇ ಬಿಳಿ ಗಾರೆ ರೇಡಿಯೇಟರಿನ ಕೂದಲೆಳೆಯ ದಾರಿಗಳಲ್ಲೂ ಕೂರುತ್ತದೆ. ಎರಡು ವರ್ಷ ಹೀಗೆ ಮಾಡಿ, ಆಮೇಲೆ ರೇಡಿಯೇಟರ್ ಹೋಗಿದೆ ಎಂದ ಮೆಕ್ಯಾನಿಕ್ಕನ್ನು ಕಳ್ಳ ಎನ್ನುತ್ತೇವೆ.

ಕೂಲೆಂಟ್ ಯಾವಾಗ ಬದಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಕವರೂ ಬಿಚ್ಚದೆ ಕೂತಿದೆ. ಬಿಡದಿಯಲ್ಲಿ ಟೊಯೊಟಾದವರು 2000ದಲ್ಲಿ ಕ್ವಾಲಿಸ್ ತಂದಾಗಿನಿಂದ ನಮ್ಮ ಜಿಲ್ಲೆಯೇ ಕಾರು ಹೆರುವ ಜಿಲ್ಲೆ. ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದರೂ ಕಾರಿನ ಪುಸ್ತಕ ಓದುವ ಅಭ್ಯಾಸ ಮಾತ್ರ ಹುಟ್ಟಲಿಲ್ಲ. ಹಳೇ ಹಸಿರು ಕೂಲೆಂಟಿಗೆ ಎರಡು ವರ್ಷದ ಆಯುಸ್ಸು ಇರಬಹುದು. ಕೆಲವು ಹೊಸ ಕಾರುಗಳಲ್ಲಿ ಕಂಪನಿ ತುಂಬಿದ್ದು ಲಕ್ಷ ಕಿಲೋಮೀಟರ್ ದಾಟಿದರೂ ನಡೆಯುತ್ತದೆ. ಪ್ರತಿ ಸರ್ವೀಸಿಗೂ ಫ್ಲಶ್ ಎನ್ನುವವನಿಗೆ ಆ ಪುಟ ತೆರೆದು ತೋರಿಸಿ. ಬಣ್ಣ ಚೆನ್ನಾಗಿದೆ ಎಂದು ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ಹೊಂದದೆ ಒಳಗೇ ಲೋಳೆ ಕಟ್ಟುತ್ತವೆ.

ಭಾವನವರು ಆ ದೊಡ್ಡ ಗ್ಯಾರೇಜಿನ ಪಟ್ಟಿಯನ್ನು ಫೈಲು ಮಾಡಿ ಇಟ್ಟುಕೊಂಡಿದ್ದಾರೆ. ಎಂಟು ಬಾಬ್ತುಗಳಲ್ಲಿ ಒಂದಕ್ಕೆ ಮಾತ್ರ ಟಿಕ್ ಬಿದ್ದಿದೆ, ಕೆಳಗಿನ ಹೋಸಿಗೆ. ಅದು ನಿಜಕ್ಕೂ ಬಿರಿದಿತ್ತು.

ಆದ್ದರಿಂದ ಸ್ವಾಮಿ, ಗ್ಯಾರೇಜಿನಲ್ಲಿ “ಏನು ಬೇಕೋ ಮಾಡಿ” ಎನ್ನಬೇಡಿ, “ತೋರಿಸಿ” ಎನ್ನಿ. ನೂರರ ಲೆಕ್ಕದ ಮಾತಿಗೆ ಚೌಕಾಸಿ ಬೇಡ. ಹೆಡ್ಡಿನ ಮಾತು ಬಂದರೆ ಇನ್ನೊಂದು ಗ್ಯಾರೇಜಿನಲ್ಲಿ ಕೇಳದೆ ಸ್ಪ್ಯಾನರ್ ಮುಟ್ಟಗೊಡಬೇಡಿ. ದಾರಿಯಲ್ಲಿ ಕೆಂಪು ದೀಪ ಹತ್ತಿದರೆ ಮಾತ್ರ ಯಾರನ್ನೂ ಕೇಳಬೇಡಿ. ಎಡಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅರ್ಧ ಗಂಟೆಯಾದರೂ ಮುಚ್ಚಳಕ್ಕೆ ಕೈ ಹಾಕಬೇಡಿ. ಮಾಗಡಿಯಿಂದ ಬೆಂಗಳೂರಿಗೆ ಎಳೆದು ತರುವ ಗಾಡಿಯ ಬಾಡಿಗೆ ಎಷ್ಟೇ ಕೇಳಿದರೂ, ಹೆಡ್ ಇಳಿಸಿ ಏರಿಸುವ ಖರ್ಚಿಗಿಂತ ಕಡಿಮೆಯೇ.